ಉಡದಾರ ಸಡಿಲಾದರೆ

ಮೊನ್ನೆ ಸ್ನಾನಕ್ಕೆ ಕೂತಾಗ ಉಡದಾರದೊಳಗೆ ಎರಡು ಬೆರಳು ಹೋದವು. ಹೋದ ವರ್ಷ ಒಂದೂ ಹೋಗುತ್ತಿರಲಿಲ್ಲ. ಆಗ ಉಡದಾರ ಎಲ್ಲಿದೆ ಎಂದು ಹೊಟ್ಟೆಯ ಮಡಿಕೆ ಎತ್ತಿ ಹುಡುಕಬೇಕಿತ್ತು. ಸಿಕ್ಕ ಮೇಲೆ ಅಲ್ಲೊಂದು ಕೆಂಪು ಗೆರೆ, ಗೆರೆಯ ಸುತ್ತ ತುರಿಕೆ. ಈಗ ಗೆರೆ ಇಲ್ಲ, ತುರಿಕೆಯೂ ಇಲ್ಲ. ಇದಕ್ಕೆ ನಾನು ಖುಷಿಪಡಬೇಕಂತೆ. ಎಲ್ಲರೂ ಹಾಗೇ ಹೇಳುತ್ತಾರೆ. ನನಗೆ ಮಾತ್ರ ಬೆರಳು ಒಳಗೆ ಹೋದ ಕೂಡಲೇ ಎದೆ ಡವಡವ ಎನ್ನುತ್ತದೆ.

ಉಡದಾರ ನೀವೂ ಕಟ್ಟಿಕೊಂಡಿರುತ್ತೀರಿ, ಇಲ್ಲವೇ ನಿಮ್ಮ ಮನೆಯ ಗಂಡಸರ ಸೊಂಟದಲ್ಲಿ ನೋಡಿರುತ್ತೀರಿ. ಕರಿ ದಾರ, ಅಷ್ಟೇ. ಸಾವಕಾರರು ಬೆಳ್ಳಿಯದು ಹಾಕುತ್ತಾರೆ. ನಮ್ಮ ಮನೆಯಲ್ಲಿ ಗುಡ್ಡಾಪುರದ ಜಾತ್ರೆಗೆ ಹೋದಾಗಲೆಲ್ಲ ಅವ್ವ ಒಂದು ಲಡಿ ತಂದು ಡಬ್ಬಿಯಲ್ಲಿ ಇಟ್ಟಿರುತ್ತಾಳೆ. ಹಳೆಯದು ಜೀರ್ಣವಾಯಿತು ಎಂದರೆ ಮೊದಲು ಹೊಸದನ್ನು ಕಟ್ಟಬೇಕು, ಆಮೇಲೆ ಹಳೆಯದನ್ನು ತೆಗೆಯಬೇಕು. ಒಂದು ಗಳಿಗೆಯೂ ಗಂಡಸು ಬರಿ ಸೊಂಟದಲ್ಲಿ ಇರಬಾರದು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೇಳಿದವನಿಗೆ ಬೈಗುಳ ಸಿಗುತ್ತದೆ.

ಸಾಲಿಗೆ ಹೋಗುವಾಗ ನನ್ನ ಚಡ್ಡಿಗೆ ಗುಂಡಿ ಇದ್ದದ್ದು ನೆನಪಿಲ್ಲ. ನಮ್ಮ ವರ್ಗದ ಅರ್ಧ ಹುಡುಗರದು ಹಾಗೇ. ಚಡ್ಡಿಯ ಅಂಚನ್ನು ಉಡದಾರದೊಳಗೆ ಸಿಕ್ಕಿಸಿ ಒಂದು ಸುತ್ತು ಹಾಕಿದರೆ ಸಂಜೆಯ ತನಕ ಚಿಂತೆ ಇಲ್ಲ. ಒಂದು ದಿನ ತಪಾಸಣೆಗೆ ಸಾಹೇಬರು ಬಂದಿದ್ದರು. ಎಲ್ಲರೂ ನೆಟ್ಟಗೆ ನಿಂತು ನಮಸ್ಕಾರ ಹೇಳಿದೆವು. ನಾನು ಉಸಿರು ಬಿಗಿದು ಹೊಟ್ಟೆ ಉಬ್ಬಿಸಿ ಹೇಳಿದೆ. ಉಡದಾರ ಪಟ್ ಎಂದು ಹರಿಯಿತು, ಚಡ್ಡಿ ನೆಲಕ್ಕೆ ಬಂತು. ವರ್ಗವೆಲ್ಲ ನಕ್ಕಿತು, ಸಾಹೇಬರೂ ನಕ್ಕರು. ನಾನು ಅತ್ತೆ. ಚಡ್ಡಿಗೆ ಅಳಲಿಲ್ಲ. ದಾರ ಹರಿಯಿತಲ್ಲ, ಈಗ ಸಾಯುತ್ತೇನೆ ಎಂದು ಅತ್ತೆ. ಒಂದು ಕೈಯಲ್ಲಿ ಚಡ್ಡಿ, ಒಂದು ಕೈಯಲ್ಲಿ ಹರಿದ ದಾರ ಹಿಡಿದು ಮನೆಗೆ ಓಡಿದೆ. ಅವ್ವ ಏನಾಯಿತು ಎಂದು ಕೇಳಲಿಲ್ಲ. ಡಬ್ಬಿ ತೆಗೆದು ಹೊಸದು ಕಟ್ಟಿದಳು, ಆಮೇಲೆ ಕೇಳಿದಳು, ಆಮೇಲೆ ಹೊಡೆದಳು.

ಏಳನೇ ಇಯತ್ತೆಗೆ ಸಾಲಿ ಸಾಕು ಮಾಡಿ ಗಿರಣಿಗೆ ಬಂದೆ. ಮಹಾರಾಷ್ಟ್ರದ ಗಡಿಯೊಳಗಿನ ಉಮದಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ, ಅಪ್ಪ ಹಾಕಿದ್ದು. ಅಪ್ಪ ಭಾರಿ ಆಳು. ಜೋಳದ ಚೀಲ ಎತ್ತಿದರೆ ಚೀಲ ಸಣ್ಣದಾಗಿ ಕಾಣುತ್ತಿತ್ತು. ಅಂಥವನು ಒಂದು ವರ್ಷ ಇಳಿಯತೊಡಗಿದ. ಮೊದಲು ಹೊಟ್ಟೆ ಹೋಯಿತು, ಆಮೇಲೆ ಗಲ್ಲ. ಬೀಸಲು ಬಂದವರೆಲ್ಲ ಹೊಗಳಿದರು.

“ಏನ್ರಿ ಮಾವಾರ, ಹುಡುಗ ಆಗ್ಲಾಕತ್ತೀರಲ್ಲ.”

“ಹೊಟ್ಟಿ ಹೋತು, ಹಗೂರ ಆತು,” ಎಂದು ಅಪ್ಪ ನಗುತ್ತಿದ್ದ. ಅಂಗಿ ಎತ್ತಿ ತೋರಿಸುತ್ತಿದ್ದ.

ಅವ್ವ ಸ್ನಾನದ ಕಲ್ಲಿನ ಹತ್ತಿರ ಅವನ ಬೆನ್ನು ತಿಕ್ಕುವಾಗ ಉಡದಾರ ಜಾರಿ ತೊಡೆಗೆ ಬಂತು. ಅವಳು ಅದನ್ನು ಎಳೆದು ಸೊಂಟಕ್ಕೆ ತಂದು ಗಂಟು ಹಾಕಿದಳು. ತಿಂಗಳಾದ ಮೇಲೆ ಇನ್ನೊಂದು ಗಂಟು. ಹೀಗೆ ನಾಲ್ಕು ಗಂಟು. ಕಾಲ್ಬೆರಳಿಗೆ ಆದ ಗಾಯ ಮಾಯದೆ ಕಪ್ಪಾದಾಗ ಮಿರಜಿನ ದವಾಖಾನೆಗೆ ಒಯ್ದೆವು. ಸಕ್ಕರೆ ಯಾವಾಗಲೋ ಬಂದಿದೆ, ನಿಮಗೇ ಗೊತ್ತಿಲ್ಲ ಎಂದರು. ಹೋಗುವಾಗ ಅಪ್ಪ ಗಾಡಿಯಲ್ಲಿ ಕೂತು ಹೋದ. ಬರುವಾಗ ಮಲಗಿ ಬಂದ.

ಇದೆಲ್ಲ ಆಗಿ ನಾಲ್ಕು ವರ್ಷ. ಗಿರಣಿ ನನ್ನ ಪಾಲಿಗೆ ಬಂತು, ಅಪ್ಪನ ಖುರ್ಚಿ ಬಂತು, ಹೊಟ್ಟೆಯೂ ಬಂತು. ಗಿರಣಿಯವನ ಕೆಲಸ ಏನು? ಡಬ್ಬಿ ಸುರುವುವುದು, ಕೂತುಕೊಳ್ಳುವುದು. ನಡುವೆ ಅವ್ವ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿ, ನಾಕು ಗಂಟೆಗೆ ಭಜಿ. ನನ್ನ ತೂಕ ನನಗಿಂತ ಮೊದಲು ಊರಿಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಕಾಳು ತೂಗುವ ಕಾಟಾದ ಮೇಲೆ ನಾನು ಬೇಜಾರಾದಾಗಲೆಲ್ಲ ಹತ್ತಿ ನಿಲ್ಲುತ್ತಿದ್ದೆ. ಸರದಿಗೆ ಕೂತ ಹೆಂಗಸರು ಅಂಕಿ ಓದುತ್ತಿದ್ದರು. ಬಾಜೂಮನೆಯ ಕಸ್ತೂರಿ ಕಾಕು ಒಮ್ಮೆ ಅಂದಳು, “ಸಿದ್ದಪ್ಪಾ, ಜರಾ ಇಳಿಯೋ ತಮ್ಮಾ. ನನ್ನ ಜ್ವಾಳ ಇಡೂ ತನಕಾರ ಕಾಟಾ ಬದುಕ್ಲಿ.” ಅವತ್ತು ನೂರಾ ನಾಲ್ಕು ಇತ್ತು. ನಾನೂ ನಕ್ಕೆ.

ನಗು ನಿಂತದ್ದು ಗಿರಣಿಯ ಪಟ್ಟಾ ತಾಗಿ ಕೈ ತರಚಿದಾಗ. ಸಣ್ಣ ಗಾಯ. ಅರಿಶಿನ ಹಚ್ಚಿದೆ. ಎಂಟು ದಿನ ಆಯಿತು, ಮಾಯಲಿಲ್ಲ. ಹದಿನೈದು ದಿನ ಆಯಿತು, ಹಸಿಹಸಿಯಾಗೇ ಇತ್ತು. ಅವ್ವನಿಗೆ ಕಾಣದಂತೆ ಉದ್ದ ತೋಳಿನ ಅಂಗಿ ಹಾಕಿಕೊಂಡು, ಸಾಮಾನು ತರುತ್ತೇನೆ ಎಂದು ಸುಳ್ಳು ಹೇಳಿ ಜತ್ತಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ರಕ್ತ ತೆಗೆದರು. ಡಾಕ್ಟರು ಮರಾಠಿಯವರು. ಕಾಗದ ನೋಡಿ, “ಶುಗರ್ ಬಾರ್ಡರ್‌ವರ ಆಹೆ,” ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಉಮದಿಯವನು, ಅಲ್ಲಿಂದ ಕರ್ನಾಟಕ ಹತ್ತಿರ ಎಂದು ಮರಾಠಿಯಲ್ಲೇ ಹೇಳಿದೆ.

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನೀನಲ್ಲ, ನಿನ್ನ ಸಕ್ಕರೆ ಬಾರ್ಡರಿನ ಮೇಲಿದೆ ಎಂದು ಬಿಡಿಸಿ ಹೇಳಿದರು. ಇನ್ನೂ ದಾಟಿಲ್ಲ, ಗುಳಿಗೆ ಬೇಡ, ತೂಕ ಇಳಿಸಿದರೆ ಹಿಂದಕ್ಕೆ ಬರಬಹುದು, ಇಳಿಸದಿದ್ದರೆ ದಾಟುತ್ತದೆ. ನಮ್ಮ ಊರಿನ ಬಾರ್ಡರನ್ನು ನಾನು ದಿನಕ್ಕೆ ಎರಡು ಸಲ ದಾಟಿ ಬಂದವನು, ಚಹಾ ಕುಡಿಯಲು. ಈ ಬಾರ್ಡರು ಹಾಗಲ್ಲ, ಅಪ್ಪ ದಾಟಿದವನು ತಿರುಗಿ ಬರಲಿಲ್ಲ.

“ಎರಡು ತಿಂಗಳಲ್ಲಿ ಎಪ್ಪತ್ತಕ್ಕೆ ಬರುತ್ತೇನೆ,” ಎಂದೆ.

ಅದಕ್ಕೆ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ಎರಡು ತಿಂಗಳಲ್ಲಿ ಮೂವತ್ತನಾಲ್ಕು ಕಿಲೋ ಇಳಿದರೆ ನೀನು ನಡೆದು ಬರುವುದಿಲ್ಲ, ನಿನ್ನನ್ನು ಹೊತ್ತು ತರುತ್ತಾರೆ. ತಿಂಗಳಿಗೆ ಒಂದೂವರೆ, ಹೆಚ್ಚೆಂದರೆ ಎರಡು ಕಿಲೋ. ಆರು ತಿಂಗಳಲ್ಲಿ ಹತ್ತು. ದಿನಾ ನಡಿ, ಊಟ ಅರ್ಧ ಮಾಡು, ಉಪವಾಸ ಮಾಡಬೇಡ. ಹೀಗೆ ಹೇಳಿ ಏನೇನು ಎಷ್ಟು ತಿನ್ನಬೇಕು ಎಂದು ಒಂದು ಕಾಗದದಲ್ಲಿ ಮರಾಠಿಯಲ್ಲಿ ಬರೆದುಕೊಟ್ಟರು.

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಎರಡು ಕಿಲೋ ಎಂದರೆ ಏನು? ನಮ್ಮ ಗಿರಣಿಗೆ ಎರಡು ಕಿಲೋ ಬೀಸಲು ಯಾರೂ ತರುವುದಿಲ್ಲ, ಅವರಿಗೇ ನಾಚಿಕೆಯಾಗುತ್ತದೆ. ಕಾಗದವನ್ನು ಕಿಸೆಯಲ್ಲಿ ಮಡಚಿಟ್ಟು ನನ್ನದೇ ದಾರಿ ಹಿಡಿದೆ. ಬೆಳಿಗ್ಗೆ ಪೊಲೀಸ್ ಭರತಿಗೆ ತಯಾರಿ ಮಾಡುವ ಹುಡುಗರು ವಿಜಯಪುರದ ರಸ್ತೆಯಲ್ಲಿ ಓಡುತ್ತಾರೆ. ಅವರ ಹಿಂದೆ ಓಡಿದೆ. ಲೈಟಿನ ಕಂಬ ಎಣಿಸುತ್ತ ಓಡಿದೆ. ಮೂರನೇ ಕಂಬಕ್ಕೆ ಹುಡುಗರು ಕಾಣದಾದರು. ನಾಲ್ಕನೇ ಕಂಬಕ್ಕೆ ಕಂಬವೇ ಕಾಣದಾಯಿತು. ರಸ್ತೆಯ ಬದಿಗೆ ಕುಸಿದು ಕೂತೆ. ಎದೆಯೊಳಗೆ ಗಿರಣಿ ಕಾಳಿಲ್ಲದೆ ತಿರುಗಿದ ಹಾಗೆ ಸದ್ದು. ಎಡಗೈ ನೋಯುತ್ತಿದೆಯೋ ಇಲ್ಲವೋ ಎಂದು ಒತ್ತಿ ಒತ್ತಿ ನೋಡಿಕೊಂಡೆ. ಒತ್ತಿದ್ದಕ್ಕೇ ನೋಯತೊಡಗಿತು. ಮುಗಿಯಿತು, ಅವ್ವನಿಗೆ ಯಾರು ಹೋಗಿ ಹೇಳುತ್ತಾರೆ ಎಂದು ಯೋಚಿಸುತ್ತಿರುವಾಗ ಮಾಳಪ್ಪ ಕುರಿ ಹೊಡೆದುಕೊಂಡು ಬಂದ. ಸಾಲಿಯಲ್ಲಿ ನನ್ನ ಜೋಡಿ ಕೂಡುತ್ತಿದ್ದವನು. ಕಡ್ಡಿಯಂಥ ಆಳು.

“ಯಾರ ಬೆನ್ನ ಹತ್ತಿದ್ರಲೇ?” ಎಂದ.

“ಯಾರೂ ಇಲ್ಲ. ತೂಕ ಇಳಸ್ಲಾಕತ್ತೀನಿ.”

“ತೂಕಾ ಇಳಸ್ತಿಯೋ, ಜೀವಾ ಇಳಸ್ತಿಯೋ? ಮಾರಿ ನೋಡ್ಕೊ, ಬದನಿಕಾಯಿ ಆಗೈತಿ.”

“ಎದಿ ಹಿಡದೈತೋ ಮಾಳ್ಯಾ.”

“ಎದಿ ಹಿಡದಾಂವ ಇಷ್ಟ ಮಾತಾಡಂಗಿಲ್ಲ. ಏಳ. ನಾಳಿಂದ ನನ್ನ ಕುರಿ ಹಿಂದ ಬಾ. ಕುರಿ ಓಡಂಗಿಲ್ಲ, ಒಂದ ಕಡೆ ನಿಂದ್ರಂಗೂ ಇಲ್ಲ. ನಿನಗ ಅದ ಸರಿ.”

ಮರುದಿನದಿಂದ ಕುರಿಯ ಹಿಂದೆ ಹೋದೆ. ಗಿರಣಿ ತೆಗೆಯುವ ಮೊದಲು ಒಂದು ತಾಸು. ಕುರಿಯ ಹಿಂದೆ ನಡೆಯುವುದು ಸಣ್ಣ ಕೆಲಸ ಎಂದು ತಿಳಿಯಬೇಡಿ. ಅವು ಮೆಲ್ಲಗೆ ಹೋಗುತ್ತಿವೆ ಎನಿಸುತ್ತದೆ, ಕೂತು ದಣಿವಾರಿಸಿಕೊಳ್ಳೋಣ ಎನ್ನುವಷ್ಟರಲ್ಲಿ ಎರಡು ಹೊಲ ದಾಟಿರುತ್ತವೆ. ಮೊದಲ ವಾರ ಮಾಳಪ್ಪ ನನ್ನನ್ನೂ ಸೇರಿಸಿ ಎಣಿಸುತ್ತಿದ್ದ. “ಕುಂಟು ಕುರಿ ಒಂದ ಹಿಂದ ಬಿದ್ದೈತಿ,” ಎಂದು ಕೂಗುತ್ತಿದ್ದ.

ಡಾಕ್ಟರು ಉಪವಾಸ ಬೇಡ ಎಂದಿದ್ದರು. ನಾನು ಕೇಳಲಿಲ್ಲ. ಮೂರು ದಿನ ಬರೇ ಮಜ್ಜಿಗೆಯ ಮೇಲೆ ಇದ್ದೆ. ಅವ್ವ ಕಳಿಸಿದ ಬುತ್ತಿಯನ್ನು ಮಾಳಪ್ಪನ ನಾಯಿಗೆ ಹಾಕಿದೆ. ಮೂರನೇ ದಿನ ಡಬ್ಬಿ ಸುರುವುವಾಗ ಕಣ್ಣಿಗೆ ಕತ್ತಲೆ ಬಂತು. ತಿರುಗುವ ಪಟ್ಟಾದ ಕಡೆ ವಾಲಿದೆನಂತೆ. ಕಸ್ತೂರಿ ಕಾಕು ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. ಆ ದಿನ ಅವಳು ಸರದಿಯಲ್ಲಿ ಎರಡನೆಯವಳಾಗಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಕಾಕು ನನ್ನನ್ನು ಬಯ್ಯಲಿಲ್ಲ. ನೇರ ಮನೆಗೆ ಹೋಗಿ ಅವ್ವನಿಗೆ ಹೇಳಿದಳು.

ಅವ್ವ ಬಂದವಳೇ ಮಂದಿಯ ಮುಂದೆ ನನ್ನ ಅಂಗಿ ಎತ್ತಿ ಉಡದಾರದೊಳಗೆ ಬೆರಳು ಹಾಕಿ ನೋಡಿದಳು. ಬೆರಳು ಹೋಗಲಿಲ್ಲ. ಆಗ ಉಸಿರು ಬಿಟ್ಟಳು.

ಸಕ್ಕರೆಯ ವಿಷಯ ಅವತ್ತೇ ಹೇಳಬೇಕಾಯಿತು. ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. “ಕಾಗದದಾಗ ಏನ ಬರದಾರ ಓದ,” ಎಂದಳು. ಓದಿದೆ. ಚಹಾಕ್ಕೆ ಸಕ್ಕರೆ ಇಲ್ಲ, ಕರಿದದ್ದು ಇಲ್ಲ, ಪಲ್ಯ ಎಷ್ಟಾದರೂ, ಅನ್ನ ಒಂದು ವಾಟಿ, ಒಂದು ಹೊತ್ತಿಗೆ ಎರಡು ಭಾಕರಿ.

“ಭಾಕರಿ ಅಂದ್ರ ರೊಟ್ಟಿ ಹೌದಿಲ್ಲೋ?”

“ಹೌದು.”

“ಎರಡ ಬರದಾರು?”

“ಎರಡ.”

“ಆತು. ಎರಡಂದ್ರ ಎರಡ,” ಎಂದಳು. ಐದು ರೊಟ್ಟಿ ಉಣ್ಣಿಸುತ್ತಿದ್ದವಳು ಇಷ್ಟು ಲಗೂನ ಒಪ್ಪಿದ್ದಕ್ಕೆ ನಾನು ಸಂಶಯಪಡಬೇಕಿತ್ತು. ಪಡಲಿಲ್ಲ. ಅವ್ವ ಜಾಣೆ ಎಂದುಕೊಂಡೆ.

ಆರು ವಾರ ಕುರಿಯ ಹಿಂದೆ ನಡೆದೆ. ಸಕ್ಕರೆ ಬಿಟ್ಟೆ, ಭಜಿ ಬಿಟ್ಟೆ, ಎರಡೇ ರೊಟ್ಟಿ ಉಂಡೆ. ಕಾಟಾ ಹತ್ತಿದರೆ ನೂರಾ ನಾಲ್ಕು. ಮತ್ತೊಂದು ವಾರ ನೂರಾ ಮೂರೂವರೆ. ಮತ್ತೊಂದು ವಾರ ನೂರಾ ನಾಲ್ಕರ ಮೇಲೆ. ರೊಟ್ಟಿ ಸ್ವಲ್ಪ ದಪ್ಪ ಇದೆಯಲ್ಲ ಎಂದು ಒಮ್ಮೆ ಕೇಳಿದೆ. “ಹಿಟ್ಟಿಗಿ ಜಿಗಿ ಇಲ್ಲ, ತೆಳ್ಳಗ ಬಡದರ ಹರೀತೈತಿ. ನೀ ದಪ್ಪ ಬೀಸೀದಿ,” ಎಂದಳು. ಗಿರಣಿಯವನಿಗೆ ಹೀಗೆ ಅನ್ನಬಾರದು. ನಾನು ರೊಟ್ಟಿ ಮರೆತು ಗಿರಣಿಯ ಕಲ್ಲು ಬಿಗಿ ಮಾಡುತ್ತ ಕೂತೆ. ಎರಡು ವಾರ ಊರಿಗೆಲ್ಲ ಗಂಧದ ಪುಡಿಯಂಥ ಹಿಟ್ಟು ಬೀಸಿಕೊಟ್ಟೆ. ಮನೆಯ ರೊಟ್ಟಿ ಮಾತ್ರ ತೆಳ್ಳಗಾಗಲಿಲ್ಲ.

ತೂಕ ಇಳಿಯದಿದ್ದರೆ ಹೆದರಿಕೆ ಏರುತ್ತದೆ. ಮೈಯಲ್ಲಿ ಬೇರೆ ಏನೋ ಆಗಿದೆ ಎನಿಸತೊಡಗಿತು. ಅಪ್ಪನಿಗೆ ಏನೇನು ಆಗಿತ್ತು ಎಂದು ನೆನಪಿಸಿಕೊಂಡು ಒಂದೊಂದೇ ನನ್ನ ಮೈಯಲ್ಲಿ ಹುಡುಕಿದೆ. ಬಾಯಾರಿಕೆ ಇತ್ತು, ಬೇಸಿಗೆಯಲ್ಲಿ ಉಮದಿಯಲ್ಲಿ ಯಾರಿಗೆ ಇರುವುದಿಲ್ಲ? ಕಾಲು ಜುಮ್ಮೆನ್ನುತ್ತಿತ್ತು, ಚಕ್ಕಳಮಕ್ಕಳ ಕೂತಿದ್ದೆ. ಸಕ್ಕರೆ ಇದ್ದವರು ಉಚ್ಚೆ ಹೊಯ್ದಲ್ಲಿ ಇರುವೆ ಬರುತ್ತವೆ ಎಂದು ಯಾರೋ ಹೇಳಿದ್ದರು. ಗಿರಣಿಯ ಹಿಂದೆ ಹೊಯ್ದು, ಕುಕ್ಕರಗಾಲಲ್ಲಿ ಕೂತು ಕಾದೆ. ಇರುವೆ ಬಂದವು. ಸಾಲು ಸಾಲು ಬಂದವು. ಗಿರಣಿಯ ಹಿಂದೆ ನೆಲದ ಮೇಲೆ ಯಾವಾಗಲೂ ಹಿಟ್ಟು ಚೆಲ್ಲಿರುತ್ತದೆ, ಅಲ್ಲಿ ಇರುವೆ ಇರುವುದು ನಾನು ಹುಟ್ಟುವ ಮೊದಲಿಂದ ಎಂಬುದು ಹೊಳೆಯಲು ಎರಡು ದಿನ ಬೇಕಾಯಿತು. ಈಗ ನಗು ಬರುತ್ತದೆ. ಆ ಎರಡು ದಿನ ಬಂದಿರಲಿಲ್ಲ.

ಗುಟ್ಟು ಸಿಕ್ಕದ್ದು ಹಿಟ್ಟಿನ ಡಬ್ಬಿಯಿಂದ. ನಮ್ಮ ಮನೆಯಲ್ಲಿ ಇರುವವರು ಇಬ್ಬರು. ನಾನು ಐದರಿಂದ ಎರಡಕ್ಕೆ ಇಳಿದಿದ್ದೇನೆ. ಮೊದಲು ಡಬ್ಬಿ ಹಿಟ್ಟು ಎಂಟು ದಿನ ಬರುತ್ತಿತ್ತು ಎಂದರೆ ಈಗ ಹದಿನೈದು ದಿನ ಬರಬೇಕು. ಅವ್ವ ಎಂಟನೇ ದಿನಕ್ಕೇ ಡಬ್ಬಿ ತಂದು ಮುಂದೆ ಇಟ್ಟಳು. ಊರಿನ ಎಲ್ಲರ ಮನೆಯ ಹಿಟ್ಟು ಎಷ್ಟು ದಿನ ಬರುತ್ತದೆ ಎಂದು ಹೇಳಬಲ್ಲವನು ನಾನು. ನಮ್ಮ ಮನೆಯದನ್ನೇ ನೋಡಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿಯನ್ನು ಕಾಟಾದ ಮೇಲೆ ಇಟ್ಟೆ. ಅರ್ಧ ಕಿಲೋಕ್ಕೆ ಸ್ವಲ್ಪ ಕಡಿಮೆ ಬಂತು. ಹೊಲಕ್ಕೆ ಹೊರಟಿದ್ದ ಕಸ್ತೂರಿ ಕಾಕುವಿನ ಬುತ್ತಿಯಿಂದ ಎರಡು ತೆಗೆದುಕೊಂಡು ಇಟ್ಟೆ. ಅದರ ಅರ್ಧವೂ ಬರಲಿಲ್ಲ.

“ನಿಮ್ಮವ್ವ ರೊಟ್ಟಿ ಬಡದಾಳೋ, ಕಟ್ಟಿ ಕಟ್ಟಾಕ ಕಲ್ಲ ಹೊಂದಸ್ಯಾಳೋ?” ಎಂದಳು ಕಾಕು.

ಬುತ್ತಿ ಹಿಡಿದುಕೊಂಡು ಮನೆಗೆ ಹೋದೆ. ಅವ್ವ ಒಲೆಯ ಮುಂದೆ ಕೂತಿದ್ದಳು.

“ಅವ್ವಾ, ಇದೇನ ಇದು?”

“ರೊಟ್ಟಿ.”

“ಎಷ್ಟ ರೊಟ್ಟಿ?”

“ಕಣ್ಣಿಲ್ಲೇನ ನಿನಗ? ಎರಡ. ಕಾಗದದಾಗ ಎರಡ ಅಂದ್ರು, ಎರಡ ಕೊಟ್ಟೀನಿ. ದಪ್ಪ ಎಷ್ಟಂತ ಬರದಿಲ್ಲ.”

“ನಾ ಇಳೀಬೇಕವ್ವಾ. ಇಳೀಲಿಲ್ಲಂದ್ರ ಅಪ್ಪಗ ಆದದ್ದ ನನಗ ಆಗತೈತಿ.”

“ನಿಮ್ಮಪ್ಪ ಇಳದನಲ್ಲ.”

ನಾನು ಬುತ್ತಿ ಕೆಳಗೆ ಇಟ್ಟೆ. ಅವಳು ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದಳು. ತವಾದ ಮೇಲೆ ಇದ್ದದ್ದು ಕರಕಲಾಗುತ್ತಿತ್ತು.

“ನನ್ನ ಕಣ್ಣ ಮುಂದ ಒಬ್ಬಾಂವ ಇಳದ,” ಎಂದಳು. “ಊರಾನ ಮಂದಿ ಎಲ್ಲಾ ಚಲೋ ಆತು ಅಂದ್ರು. ನಾನೂ ಅಂದೆ. ಗಂಟ ಹಾಕಿ ಹಾಕಿ, ಚಲೋ ಆತು ಅಂದೆ. ಇನ್ನೊಂದ ಸಲ ಅನ್ನಂಗಿಲ್ಲ.”

“ಅಪ್ಪ ಇಳದದ್ದ ಸಕ್ಕರಿ ಬಂದಮ್ಯಾಲ. ನಾ ಇಳಿಯೂದು ಬರಬಾರ್ದಂತ.”

“ಇಳದರ ಬರತೈತೋ, ಬಂದರ ಇಳೀತಾರೋ, ಹೊರಗಿಂದ ನೋಡಿದ್ರ ಎರಡೂ ಒಂದ ಕಾಣತಾವ. ನನಗ ಹೆಂಗ ತಿಳೀಬೇಕು?”

ನಿಜ ಹೇಳುತ್ತೇನೆ, ಆ ಮಾತು ನನ್ನ ತಲೆಯಲ್ಲಿ ಆವತ್ತಿನವರೆಗೆ ಬಂದಿರಲಿಲ್ಲ. ಬಂದ ಮೇಲೆ ಹೋಗಲಿಲ್ಲ. ನಾಳೆ ನಾನು ಇಳಿದರೆ, ನಡೆದು ಇಳಿದೆನೋ, ಸಕ್ಕರೆಯೇ ನನ್ನನ್ನು ತಿಂದು ಇಳಿಸಿತೋ, ಕಾಟಾಕ್ಕೆ ಏನು ಗೊತ್ತು? ಅದಕ್ಕೆ ಅಂಕಿ ಒಂದೇ ಗೊತ್ತು.

ಡಾಕ್ಟರನ್ನೇ ಕೇಳೋಣ ಎಂದು ಮರುದಿನ ಇಬ್ಬರೂ ಜತ್ತದ ಬಸ್ಸು ಹತ್ತಿದೆವು. ಡಾಕ್ಟರ ಕೋಣೆಯಲ್ಲಿ ತಮಗೆ ಬರುವ ಕನ್ನಡದಲ್ಲಿ ಡಾಕ್ಟರೇ ಶುರು ಮಾಡಿದರು.

“ಬರ್ರಿ ಆಯೀ, ಕುಂದ್ರಿ. ಮಗಾ ಚಾಂಗಲಾ, ಚಲೋ ನಡದಾನ?”

ಅವ್ವ ಕೂಡಲಿಲ್ಲ. “ಡಾಕ್ಟರ್‍ರ, ಇಂವ ಇಳೀಬೇಕ ಅಂತೀರಿ. ಇಳೀಲಿ. ಎಲ್ಲಿಗಿ ನಿಂದರತಾನ, ಅದನ್ನ ಹೇಳ್ರಿ.”

“ನಿಂದರತಾನ ಮಂಜೆ?” ಹಾಗೆಂದರೆ ಏನು ಎಂದು ಡಾಕ್ಟರು ಕೇಳಿದರು.

“ಮಂಜೆ, ಇಳಕೋತ ಹೋಗಿ ಎಲ್ಲಿಗೋ ನಿಂದ್ರಬೇಕಲ್ರಿ. ಇವರಪ್ಪ ನಿಂದ್ರಲಿಲ್ಲ.”

ಡಾಕ್ಟರು ಪೆನ್ನು ಕೆಳಗೆ ಇಟ್ಟರು. ಇಂಥ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ. ಬಂದವರೆಲ್ಲ ಎಷ್ಟು ಲಗೂನ ಇಳಿಯುತ್ತದೆ ಎಂದು ಕೇಳುತ್ತಾರೆ. ನನ್ನ ಕಾಗದ ನೋಡಿ, “ಚೌರ್‍ಯಾಣ್ಣವ,” ಎಂದರು. ತೊಂಬತ್ನಾಲ್ಕು ಎಂದು ನಾನು ಹೇಳಿದೆ. ಸದ್ಯಕ್ಕೆ ತೊಂಬತ್ನಾಲ್ಕು, ಆಮೇಲೆ ನೋಡೋಣ ಎಂದರು ಡಾಕ್ಟರು.

“ಆಮ್ಯಾಲ ನೋಡೂದ ಬ್ಯಾಡ್ರಿ. ತೊಂಬತ್ನಾಕಕ್ಕ ನಿಂದರಸ್ರಿ. ಬರದ ಕೊಡ್ರಿ.”

ಡಾಕ್ಟರು ನಗಲಿಲ್ಲ. ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟರು. ಇನ್ನೊಂದನ್ನೂ ಹೇಳಿದರು. ಮೂರು ತಿಂಗಳಿಗೊಮ್ಮೆ ರಕ್ತ ನೋಡೋಣ, ತೂಕ ಮತ್ತು ಸಕ್ಕರೆ ಎರಡೂ ಇಳಿದರೆ ಒಳ್ಳೆಯದು, ತೂಕ ಇಳಿದು ಸಕ್ಕರೆ ಏರಿದರೆ ಆಗ ಹೆದರಬೇಕು. “ತೋಪರ್ಯಂತ, ಆಯೀ, ಜುನಿ ರೊಟ್ಟಿ ಮಾಡ್ರಿ. ಪಾತಳ,” ಎಂದು, ಅಲ್ಲಿಯ ತನಕ ಹಳೆಯ ತೆಳು ರೊಟ್ಟಿ ಎಂದು ಕೈಯಲ್ಲಿ ತೋರಿಸಿದರು. ದಪ್ಪ ರೊಟ್ಟಿಯ ಸುದ್ದಿ ನಾನು ಮೊದಲೇ ಹೇಳಿಬಿಟ್ಟಿದ್ದೆ. ಅವ್ವ ಬಸ್ಸಿನಲ್ಲಿ ಅದಕ್ಕಾಗಿ ನನ್ನ ತೊಡೆ ಚಿವುಟಿದಳು.

ಅವ್ವನಿಗೆ ಅಕ್ಷರ ಬರುವುದಿಲ್ಲ. ಚೀಟಿಯಲ್ಲಿದ್ದ ತೊಂಬತ್ನಾಲ್ಕರ ಆಕಾರವನ್ನು ಬಾಯಿಪಾಠ ಮಾಡಿಕೊಂಡಳು. ಪ್ರತಿ ಸೋಮವಾರ ಗಿರಣಿ ಶುರುವಾಗುವ ಮೊದಲು ನನ್ನನ್ನು ಕಾಟಾ ಹತ್ತಿಸಿ, ಚೀಟಿ ಹಿಡಿದು ಹೋಲಿಸಿ ನೋಡುತ್ತಿದ್ದಳು. “ಬಂದಿಲ್ಲ,” ಎನ್ನುತ್ತಿದ್ದಳು, ಸಮಾಧಾನದಿಂದ. ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಡಾಕ್ಟರು ಬರೆದದ್ದು ಮರಾಠಿ ಅಂಕಿ, ಕಾಟಾ ತೋರಿಸುವುದು ಇಂಗ್ಲಿಷ್ ಅಂಕಿ. ಅವಳು ಹುಡುಕುತ್ತಿದ್ದ ಅಂಕಿ ಆ ಕಾಟಾದ ಮೇಲೆ ಜನ್ಮದಲ್ಲಿ ಬರುತ್ತಿರಲಿಲ್ಲ. ನಾನು ಎಂಬತ್ತಕ್ಕೆ ಇಳಿದರೂ ಅವ್ವ ಬಂದಿಲ್ಲ ಎನ್ನುತ್ತಿದ್ದಳು. ಹಾಗೇ ಬಿಟ್ಟುಬಿಡೋಣವೇ ಎಂದು ಒಂದು ವಾರ ವಿಚಾರ ಮಾಡಿದೆ. ಮನಸ್ಸು ಬರಲಿಲ್ಲ. ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದು, ಸೊನ್ನೆಯಿಂದ ಒಂಬತ್ತರ ತನಕ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ಕಲಿಸಿದೆ. ಎರಡೇ ದಿನಕ್ಕೆ ಕಲಿತಳು. ಹೆದರಿಕೆ ಇದ್ದವರು ಲಗೂನ ಕಲಿಯುತ್ತಾರೆ.

ಆಮೇಲೆ ಇಳಿಯತೊಡಗಿದೆ. ಜುನಿ ರೊಟ್ಟಿ, ಮಾಳಪ್ಪನ ಕುರಿ, ಒಂದು ವಾಟಿ ಅನ್ನ. ಒಂದು ವಾರ ಅರ್ಧ ಕಿಲೋ, ಒಂದು ವಾರ ಏನೂ ಇಲ್ಲ, ಒಂದು ವಾರ ಕಸ್ತೂರಿ ಕಾಕುವಿನ ಮನೆಯಲ್ಲಿ ಹೋಳಿಗೆ ಉಂಡು ಒಂದು ಕಿಲೋ ಮೇಲೆ. ಡಾಕ್ಟರು ಹೇಳಿದ ಲೆಕ್ಕಕ್ಕೇ ಬಂತು. ನೂರು ಮುರಿದ ದಿನ ಮಾಳಪ್ಪ ಕುರಿಗಳಿಗೆಲ್ಲ ಕೂಗಿ ಹೇಳಿದ. ಅವು ತಲೆ ಎತ್ತಲಿಲ್ಲ. ಮೂರು ತಿಂಗಳ ರಕ್ತದ ಕಾಗದ ಬಂತು, ಸಕ್ಕರೆ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಡಾಕ್ಟರು ನನ್ನ ಬೆನ್ನು ತಟ್ಟಿದರು. ಅವ್ವ ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟು ಕೈ ಮುಗಿದಳು.

ಆದರೆ ರಕ್ತ ನೋಡುವುದು ಮೂರು ತಿಂಗಳಿಗೊಮ್ಮೆ. ನಡುವೆ ಹನ್ನೆರಡು ಸೋಮವಾರ ಬರುತ್ತವೆ. ಆ ಹನ್ನೆರಡು ಸೋಮವಾರ ನಾನು ಯಾವ ಕಡೆಯಿಂದ ಇಳಿಯುತ್ತಿದ್ದೇನೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಂಕಿ ಇಳಿಯದಿದ್ದರೆ ನನಗೆ ಹೆದರಿಕೆ. ಇಳಿದರೆ ಅವ್ವನಿಗೆ ಹೆದರಿಕೆ. ಹೋಗುತ್ತ ಹೋಗುತ್ತ ನನಗೆ ಎರಡೂ ಹೆದರಿಕೆ ಅಂಟಿಕೊಂಡವು. ಬೀಸಲು ಬಂದವರು, “ಏನ ಸಿದ್ದಪ್ಪಾ, ಹುಡುಗ ಆಗೀದಿ,” ಎಂದರೆ ಅವ್ವ ಒಳಗಿನಿಂದ ಬಂದು, “ಹಂಗನಬ್ಯಾಡ್ರಿ,” ಎನ್ನುತ್ತಾಳೆ. ಮಂದಿಗೆ ಅರ್ಥವಾಗುವುದಿಲ್ಲ. ಗಂಟು ಹಾಕುವುದನ್ನೂ ಒಪ್ಪಲಿಲ್ಲ. ಸಡಿಲಾದರೆ ಸಡಿಲಾಗೇ ಇರಲಿ, ನಾನು ಮತ್ತೆ ಗಂಟು ಹಾಕುವುದಿಲ್ಲ ಎಂದಳು.

ಮೊನ್ನೆ ಎರಡು ಬೆರಳು ಹೋದವು ಎಂದೆನಲ್ಲ, ಅದು ಸೋಮವಾರ. ಸ್ನಾನ ಮಾಡಿ ಬರಿಹೊಟ್ಟೆಯಲ್ಲಿ ಗಿರಣಿಗೆ ಬಂದು ಕಾಟಾ ಹತ್ತಿದೆ. ಹಿಂದಿನ ವಾರ ತೊಂಬತ್ನಾಲ್ಕರ ಮೇಲೆ ನಾನೂರು ಗ್ರಾಂ ಇತ್ತು. ಅವ್ವ ಎದುರಿಗೆ ಬಗ್ಗಿ ನಿಂತಿದ್ದಳು. ಅಂಕಿ ಓಡಾಡಿ ನಿಂತಿತು. ಅವಳು ಓದಿದಳು.

“ಒಂಬತ್ತರ ಮುಂದ ಮೂರ ಬಂತು.”

ತೊಂಬತ್ಮೂರು, ಏಳುನೂರು ಗ್ರಾಂ. ನಾನು ಇಳಿದು ಮತ್ತೆ ಹತ್ತಿದೆ. ಅದೇ ಬಂತು.

“ಡಾಕ್ಟರ್‍ರ ನಿಂದರತೈತಿ ಅಂದಿದ್ರು,” ಎಂದಳು ಅವ್ವ. ದನಿ ಸಣ್ಣದಾಗಿತ್ತು.

“ಮುನ್ನೂರ ಗ್ರಾಂ ಅವ್ವಾ. ಅದೇನ ಲೆಕ್ಕಾ ಅಲ್ಲ. ಮುಂದಿನ ತಿಂಗಳ ರಕ್ತಾ ನೋಡ್ತಾರ.”

“ಮುಂದಿನ ತಿಂಗಳ ಭಾಳ ದೂರ ಐತಿ.”

ನನಗೂ ದೂರವೇ ಎನಿಸಿತು. ಹಾಗೆಂದು ಹೇಳಲಿಲ್ಲ. ಡಾಕ್ಟರು ಇನ್ನೂ ಇಳಿ ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು, ಅದನ್ನೂ ಹೇಳಲಿಲ್ಲ. ಕಾಟಾದ ಮೇಲೆ ನಿಂತೇ ಇದ್ದೆ. ಇಳಿದರೆ ಅಂಕಿ ಸೊನ್ನೆಗೆ ಹೋಗುತ್ತದೆ, ಅದನ್ನು ಅವಳು ನೋಡುವುದು ಬೇಡ ಎನಿಸಿತು.

ಅವ್ವ ಮೂಲೆಯ ಕೊಡದ ಹತ್ತಿರ ಹೋದಳು. ಒಂದು ತಂಬಿಗೆ ನೀರು ತುಂಬಿಕೊಂಡು ಬಂದು ನನ್ನ ಮುಂದೆ ಹಿಡಿದಳು.

“ಕುಡಿ,” ಎಂದಳು.

ಅವಳು ಸುರಿದಳು, ನಾನು ನಿಂತಲ್ಲೇ ಬೊಗಸೆ ಒಡ್ಡಿ ಕುಡಿದೆ. ಗಂಟಲಲ್ಲಿ ಗಟಗಟ ಸದ್ದಾಯಿತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೆಂಪು ಅಂಕಿ ನೋಡುತ್ತಿದ್ದಳು. ಏಳುನೂರು, ಎಂಟುನೂರು, ಒಂಬೈನೂರು. ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿರುವಾಗ ಅವಳು ಕೈ ಎತ್ತಿ ಸಾಕು ಎಂದಳು. ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಂಕಿ ಓಲಾಡಿ ಒಮ್ಮೆ ಕೆಳಗೆ ಬಂತು, ಮತ್ತೆ ಸುರಿದಳು, ನಾಲ್ಕು ಗುಟುಕು ಕುಡಿದೆ, ಮತ್ತೆ ನಿಲ್ಲಿಸಿದಳು.

ತೊಂಬತ್ನಾಲ್ಕು. ಮುಂದೆ ಬರೇ ಸೊನ್ನೆ.

“ನಿಂತೈತಿ,” ಎಂದಳು ಅವ್ವ.

“ಹೂಂ, ನಿಂತೈತಿ,” ಎಂದೆ.

ಆ ನೀರು ಎಷ್ಟು ಹೊತ್ತು ಇರುತ್ತದೆ ಎಂದು ಅವಳು ಕೇಳಲಿಲ್ಲ. ನಾನು ಕಾಟಾದ ಬಟನ್ ಬಂದ್ ಮಾಡಿ, ಆಮೇಲೆ ಇಳಿದೆ.